ಅಕ್ಕಾತಾಯಿ ಥ್ರೆಡ್ ಹೊಡೆಯಲು ಕಲಿತದ್ದು

ಕೊಲ್ಹಾಪುರದ ಉದ್ಯಮನಗರದಲ್ಲಿ ಉಕ್ಕಿನ ತುಂಡು ಹೆರೆಯುವ ನನ್ನ ಶೇಪರ್ ಮಶೀನಿನ ಅಂಗಡಿಗೂ ಹಿಂದೂರಾವ ಚೌಗುಲೆಯ ಲೇಥ್ ಅಂಗಡಿಗೂ ನಡುವೆ ಇದ್ದದ್ದು ಒಂದು ತಗಡಿನ ಗೋಡೆ. ಆ ಕಡೆ ಅವನು ಸೀನಿದರೆ ಈ ಕಡೆ ನನಗೆ ಕೇಳಿಸುತ್ತಿತ್ತು. ಹತ್ತೊಂಬತ್ತು ವರ್ಷ ಹಾಗೇ ಕಳೆದೆವು. ನಾನು ನಿಪ್ಪಾಣಿ ಕಡೆಯವನಾದ್ದರಿಂದ ಓಣಿಯವರಿಗೆಲ್ಲ ನಾನು ‘ಕಾನಡಿ’. ಹಿಂದೂರಾವ ಮಾತ್ರ ರಾಚಪ್ಪ ಅನ್ನುತ್ತಿದ್ದ. ಅವನ ಹೆಂಡತಿ ಅಕ್ಕಾತಾಯಿ ರಾಚಪ್ಪಣ್ಣ ಅನ್ನುತ್ತಿದ್ದಳು.

ಅಕ್ಕಾತಾಯಿ ಎಂಬ ಹೆಸರಿನಿಂದ ಹಿಂದೂರಾವನಿಗೆ ಒಂದು ಫಜೀತಿ. ಕಟ್ಟಿಕೊಂಡ ಹೆಂಡತಿಯನ್ನು ಅಕ್ಕಾ ಎಂದು ಕರೆದರೆ ಓಣಿ ನಗುತ್ತದೆ. ಹಾಗಾಗಿ ಮದುವೆಯಾದ ದಿನದಿಂದ ಅವನು ಆಕೆಯನ್ನು ಕರೆದದ್ದು ‘ಏ, ಕೇಳ್ತೇನ?’ ಎಂದೇ. ಆಕೆ ದಿನಾ ಹನ್ನೆರಡೂವರೆಗೆ ಬುತ್ತಿ ತರುತ್ತಿದ್ದಳು. ಭಾಕರಿ, ಝುಣಕ, ಒಂದು ಚೂರು ಹಸಿಮೆಣಸಿನಕಾಯಿ ಖರಡಾ. ಅವನು ಉಂಡು ಮಲಗಿದ ಅರ್ಧ ಗಂಟೆ ಸುಮ್ಮನೆ ಕೂತಿರಲಾರದೆ ಮೊದಮೊದಲು ಲೋಹದ ಸಿಬಿರು ಗುಡಿಸುತ್ತಿದ್ದಳು, ಆಮೇಲೆ ತೂತು ಹೊಡೆಯುವ ಮಶೀನು ನಡೆಸಿದಳು, ಬರಬರುತ್ತ ಲೇಥಿನ ಮೇಲೆ ಸಾದಾ ಕೆಲಸ, ಅಂದರೆ ತುದಿ ಸಮ ಮಾಡುವುದು, ಉದ್ದಕ್ಕೆ ತೆಳುವು ಮಾಡುವುದು, ಇದನ್ನೆಲ್ಲ ಮಾಡತೊಡಗಿದಳು. ಹಿಂದೂರಾವ ನೋಡಿಯೂ ನೋಡದಂತೆ ಇರುತ್ತಿದ್ದ. ಒಮ್ಮೆ ಮಾತ್ರ ನನ್ನೆದುರು, ಆಕೆ ಇಲ್ಲದಾಗ, ‘ನಾ ಮಾಡೂದಕ್ಕಿಂತ ನುಣ್ಣಗ ಬರ್ತೈತಿ ಆಕಿ ಕೆಲಸ’ ಅಂದಿದ್ದ.

ಹಿಂದೂರಾವ ನಿಜಕ್ಕೂ ಹೆಸರು ಮಾಡಿದ್ದು ಥ್ರೆಡ್ಡಿನಲ್ಲಿ. ಶಾಫ್ಟಿನ ತುದಿಗೆ ನಟ್ ಕೂರುವ ಹಾಗೆ ತಿರುಪು ಕೊರೆಯುವುದು ಒಂದೇ ಏಟಿಗೆ ಆಗುವ ಕೆಲಸವಲ್ಲ. ಹತ್ತು ಹನ್ನೆರಡು ಸಲ ಟೂಲು, ಅಂದರೆ ಕೊರೆಯುವ ಉಳಿ, ಅದೇ ಗೀರಿನಲ್ಲಿ ಓಡಬೇಕು, ಪ್ರತಿ ಸಲ ಕೂದಲೆಳೆಯಷ್ಟು ಆಳಕ್ಕೆ. ಟೂಲು ಹೊತ್ತ ಗಾಡಿ ಓಡುತ್ತ ಬಂದು ಶಾಫ್ಟಿನ ದಪ್ಪ ಭಾಗಕ್ಕೆ ಬಡಿಯುವ ಮುಂಚೆ ಎಡಗೈಯಿಂದ ಅಡ್ಡ ಹ್ಯಾಂಡಲ್ ತಿರುಗಿಸಿ ಟೂಲನ್ನು ಹಿಂದೆಳೆಯಬೇಕು, ಅದೇ ಗಳಿಗೆಗೆ ಬಲಗೈಯಿಂದ ಲೀವರ್ ಎತ್ತಿ ಗಾಡಿ ನಿಲ್ಲಿಸಬೇಕು. ಆಮೇಲೆ ಗಾಡಿಯನ್ನು ಮೊದಲಿನ ಜಾಗಕ್ಕೆ ತಂದು, ಹ್ಯಾಂಡಲನ್ನು ಹಿಂದಿನ ಅಂಕಿಗೇ ಸರಿಯಾಗಿ ತಂದು, ಅಲ್ಲಿಂದ ಮುಂದೆ ಚೂರು ಕೊಟ್ಟು ಮತ್ತೆ ಓಡಿಸಬೇಕು. ಅರ್ಧ ಸೆಕೆಂಡು ತಡವಾದರೆ ಟೂಲು ಮುರಿಯುತ್ತದೆ, ಶಾಫ್ಟು ಹಾಳಾಗುತ್ತದೆ. ಹಿಂದೂರಾವ ಈ ಕೆಲಸವನ್ನು ಪಕ್ಕದವರ ಜತೆ ಮಾತಾಡುತ್ತ ಮಾಡುತ್ತಿದ್ದ. ಅವನ ಎರಡು ಕೈ ಒಂದಕ್ಕೊಂದು ಹೇಳಿಕೊಂಡು ನಡೆಯುತ್ತಿದ್ದವು.

ಎಂಬತ್ತೇಳನೇ ಇಸವಿ, ದೀಪಾವಳಿ ಕಳೆದು ಎಂಟು ದಿನ. ಬೆಳಿಗ್ಗೆ ಹತ್ತೂವರೆಗೆ ತಗಡಿನ ಆಚೆ, ಶಾಫ್ಟು ಕಚ್ಚಿ ಹಿಡಿಯುವ ಚಕ್ಕಿನ ಕೀಲಿ ಕೆಳಗೆ ಬಿದ್ದ ಸದ್ದಾಯಿತು. ಎತ್ತಿಕೊಂಡದ್ದೂ ಕೇಳಿಸಿತು. ಮತ್ತೆ ಬಿತ್ತು. ಮೂರನೇ ಸಲ ಬಿದ್ದಾಗ ನಾನು ನನ್ನ ಮಶೀನು ನಿಲ್ಲಿಸಿದೆ. ಹಿಂದೂರಾವನ ದನಿ ಬಂತು, ಬಹಳ ಸಮಾಧಾನದಿಂದ.

‘ರಾಚಪ್ಪ, ಸ್ವಲ್ಪ ಬಾ ಇಲ್ಲಿ. ನನ್ನ ಎಡಗೈ ಎಲ್ಲೋ ಹೋಗೇತಿ ನೋಡು.’

ನಾನು ಹೋಗುವಷ್ಟರಲ್ಲಿ ಅವನು ನೆಲದ ಮೇಲೆ ಕೂತಿದ್ದ. ಬಾಯಿ ಒಂದು ಕಡೆ ಎಳೆದಿತ್ತು. ರಿಕ್ಷಾದಲ್ಲಿ ದವಾಖಾನೆಗೆ ಒಯ್ದೆವು. ಆರು ವಾರ ಕಳೆದು ಮನೆಗೆ ಬಂದಾಗ ಮಾತು ಮುಕ್ಕಾಲು ಪಾಲು ಸರಿಯಾಗಿತ್ತು, ಎಡಗಾಲು ಎಳೆದೆಳೆದು ಇಡುತ್ತಿದ್ದ, ಎಡಗೈ ಮಾತ್ರ ಭುಜದಿಂದ ಸುಮ್ಮನೆ ಜೋತು ಬಿದ್ದಿತ್ತು. ಡಾಕ್ಟರು ಎಣ್ಣೆ ತಿಕ್ಕಿ, ಬೆರಳು ಮಡಿಸಿ ಬಿಡಿಸಿ ಅಂದಿದ್ದರು. ಅಕ್ಕಾತಾಯಿ ಎರಡೂ ಹೊತ್ತು ಮಾಡುತ್ತಿದ್ದಳು. ಬೆರಳುಗಳು ಆಕೆ ಮಡಿಸಿದರೆ ಮಡಿಯುತ್ತಿದ್ದವು, ಬಿಟ್ಟರೆ ಬಿಚ್ಚಿಕೊಳ್ಳುತ್ತಿದ್ದವು.

ಅಂಗಡಿಯನ್ನು ಬಾಡಿಗೆಗೆ ಕೊಟ್ಟುಬಿಡಿ ಎಂದು ಆಕೆಯ ಅಣ್ಣ ಹೇಳಿ ನೋಡಿದ. ಅಕ್ಕಾತಾಯಿ ಒಪ್ಪಲಿಲ್ಲ. ಸಂಕ್ರಾಂತಿಗೆ ಎರಡು ದಿನ ಇರುವಾಗ ಬಾಗಿಲು ತೆರೆದಳು. ಸೀರೆಯ ಸೆರಗು ಸೊಂಟಕ್ಕೆ ಬಿಗಿದು, ಮೇಲೆ ಗಂಡನ ಹಳೇ ಅಂಗಿ ತೊಟ್ಟು, ಬಳೆಗಳನ್ನು ತೆಗೆದು ಮೊಳೆಗೆ ಸಿಗಿಸಿದಳು. ಹಿಂದೂರಾವನನ್ನು ಕೈ ಹಿಡಿದು ಕರೆತಂದು ಕಬ್ಬಿಣದ ಸ್ಟೂಲಿನ ಮೇಲೆ ಕೂರಿಸಿದಳು. ಮೊದಲ ದಿನ ಅವನು ಮಶೀನಿನ ಕಡೆಗೆ ಬೆನ್ನು ಮಾಡಿ, ರಸ್ತೆಗೆ ಮುಖ ಮಾಡಿ ಕೂತಿದ್ದ.

ಸಾದಾ ಕೆಲಸವೆಲ್ಲ ಆಕೆಯ ಕೈಗೆ ಬೇಗ ಹತ್ತಿತು. ಥ್ರೆಡ್ ಹತ್ತಲಿಲ್ಲ.

ಅವರ ದೊಡ್ಡ ಗಿರಾಕಿ ಇಲಾಹಿ ಶಿಕಲಗಾರ, ಕಬ್ಬಿನ ರಸದ ಗಾಣ ಮಾಡುವವನು. ಬೇಸಿಗೆ ಬರುವ ಮುಂಚೆ ಅವನಿಗೆ ನೂರಾರು ಶಾಫ್ಟು ಬೇಕು. ಒಂದೂವರೆ ಇಂಚಿನ ಶಾಫ್ಟು, ತುದಿಯಲ್ಲಿ ಸವಾ ಇಂಚಿನ ಥ್ರೆಡ್, ಥ್ರೆಡ್ ಮುಗಿಯುವಲ್ಲೇ ದಪ್ಪ ಭಾಗದ ಗೋಡೆ. ಅಕ್ಕಾತಾಯಿ ಮೊದಲನೆಯದನ್ನು ಏಳನೇ ಓಟದಲ್ಲಿ ಕೆಡಿಸಿದಳು. ಎಡಗೈ ಹ್ಯಾಂಡಲನ್ನು ಹಿಂದೆಳೆಯುವ ಬದಲು ಮುಂದೆ ತಿರುಗಿಸಿತ್ತು. ಎರಡನೆಯದರಲ್ಲಿ ಹ್ಯಾಂಡಲ್ ಸರಿಯಾಗಿ ಎಳೆದಳು, ಲೀವರ್ ಮರೆತಳು. ಟೂಲು ಗೋಡೆಗೆ ಬಡಿದು ತುದಿ ಹಾರಿ ತಗಡಿಗೆ ಬಿತ್ತು. ಮೂರನೆಯದರ ಹೊತ್ತಿಗೆ ಹಿಂದೂರಾವ ಸ್ಟೂಲು ತಿರುಗಿಸಿಕೊಂಡಿದ್ದ. ‘ತೆಗಿ, ಈಗ ತೆಗಿ’ ಎಂದು ಹೇಳಿಕೊಟ್ಟ. ಅವನ ಮಾತು ಕೇಳಿ ಕೈ ಆಡಿಸುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ಮೀರಬಾರದೆಂದು ಅವನು ಮೊದಲೇ ಹೇಳಿದರೆ ಥ್ರೆಡ್ ಅರ್ಧಕ್ಕೇ ನಿಲ್ಲುತ್ತಿತ್ತು. ಮೂರನೆಯದೂ ಹೋಯಿತು.

ಎದುರಿನ ಸಾಲಿನ ಬಂಡೋಪಂತ ಸುತಾರನಿಗೂ ಲೇಥ್ ಇತ್ತು. ಕೆಟ್ಟವನಲ್ಲ, ಬಾಯಿ ಮಾತ್ರ ಸುಮ್ಮನಿರದು. ಕೆಟ್ಟ ಶಾಫ್ಟುಗಳನ್ನು ನೋಡಿ, ಎಲೆಯಡಿಕೆ ಒಂದು ಕೆನ್ನೆಗೆ ಸರಿಸಿ ಹೇಳಿದ:

‘ವೈನಿ, ಲೇಥ್ ಅಂದ್ರ ಭಾಕರಿ ಬಡಿಯೂದಲ್ರಿ.’

‘ಭಾಕರಿ ಬಡಿಯೂದಾದ್ರೂ ಬರ್ತೈತೇನ್ರಿ ನಿಮಗ?’ ಎಂದಳು ಅಕ್ಕಾತಾಯಿ, ತಲೆ ಎತ್ತದೆ.

ಬಂಡೋಪಂತ ನಕ್ಕುಬಿಟ್ಟ. ಆದರೆ ಅಂದಿನಿಂದ ಥ್ರೆಡ್ಡಿನ ಕೆಲಸ ಅವನ ಅಂಗಡಿಗೇ ಹೋಗಬೇಕಾಯಿತು. ಅಕ್ಕಾತಾಯಿ ಶಾಫ್ಟುಗಳನ್ನು ತಯಾರು ಮಾಡಿ ಕೈಗಾಡಿಯಲ್ಲಿ ತಳ್ಳಿಕೊಂಡು ರಸ್ತೆ ದಾಟುವಳು. ಅವನು ತನ್ನ ಕೆಲಸ ಮುಗಿದ ಮೇಲೆ, ಮನಸ್ಸು ಬಂದಾಗ ಥ್ರೆಡ್ ಹಾಕುವನು. ಅವಳು ಅಲ್ಲಿ ಬಾಗಿಲ ಬಳಿ ನಿಂತು ಕಾಯುವುದನ್ನು ಹಿಂದೂರಾವ ಸ್ಟೂಲಿನ ಮೇಲಿಂದ ನೋಡುತ್ತಿದ್ದ. ಹದಿನೈದು ದಿನ ಹೀಗೆ ನಡೆದ ಮೇಲೆ ಇಲಾಹಿ ಬಂದ. ಚಹಾ ಕುಡಿದ, ಹಿಂದೂರಾವನ ಆರೋಗ್ಯ ವಿಚಾರಿಸಿದ, ಎದ್ದು ನಿಂತ ಮೇಲೆ ಬಹಳ ಮುಜುಗರದಿಂದ ಹೇಳಿದ: ಹೇಗೂ ಥ್ರೆಡ್ ಆಗುವುದು ಅಲ್ಲಿಯೇ, ಈ ನಲವತ್ತು ಶಾಫ್ಟು ಮುಗಿದ ಮೇಲೆ ಮುಂದಿನ ಮಾಲನ್ನು ನೇರ ಬಂಡೋಪಂತನಿಗೇ ಕೊಟ್ಟರೆ ನೀವು ಬೇಸರ ಮಾಡಿಕೊಳ್ಳಬಾರದು, ಹೋಳಿ ಹುಣ್ಣಿಮೆಯೊಳಗೆ ನನ್ನ ಗಾಣಗಳು ರಸ್ತೆಗೆ ಬರಬೇಕು.

ಅವನು ಹೋಗಿ ಹೊತ್ತಾದ ಮೇಲೆ ಹಿಂದೂರಾವ ತಾನಾಗಿಯೇ ಹೇಳಿದ್ದು ನನಗೆ ಈ ಕಡೆಯಿಂದಲೇ ಕೇಳಿತು.

‘ಒಂದು ಉಪಾಯ ಐತಿ. ನಾ ಹುಡುಗ ಇದ್ದಾಗ ಒಂದು ದೊಡ್ಡ ಕಾರ್ಖಾನ್ಯಾಗ ನೋಡಿದ್ದೆ. ಟೂಲು ಹಿಡಿಯೂ ಹೋಲ್ಡರ‍್ನಾಗ ಒಂದು ಸಣ್ಣ ಲೀವರ್ ಇತ್ತು. ಲೀವರ್ ಆ ಕಡೆ ತಳ್ಳಿದ್ರ ಟೂಲು ತಾನ ಹಿಂದ ಸರೀತಿತ್ತು. ಈ ಕಡೆ ಎಳದ್ರ ಮತ್ತ ಇದ್ದಲ್ಲೇ ಬಂದು ಕೂಡ್ತಿತ್ತು. ಹ್ಯಾಂಡಲ್ ತಿರುಗಿಸೂದ ಇಲ್ಲ. ಅಂಕಿ ನೆನಪ ಇಡೂದೂ ಇಲ್ಲ.’

ಅಕ್ಕಾತಾಯಿ ಕೇಳಿದಳು, ‘ಇದು ನಿಮಗ ಯಾವಾಗ ನೆನಪಾತು?’

‘ಮೊದಲನೇ ಶಾಫ್ಟ್ ಕೆಟ್ಟ ದಿನ.’

‘ಮತ್ತ ಇಷ್ಟು ದಿನ?’

ಅವನು ನಿಧಾನವಾಗಿ ಹೇಳಿದ. ಅಂದು ಆ ಹೋಲ್ಡರನ್ನು ನೋಡಿ ತಾನೂ ತನ್ನ ಜೊತೆಯವರೂ ನಕ್ಕಿದ್ದರಂತೆ. ಕೈಯಲ್ಲಿ ಕಸುಬು ಇಲ್ಲದವನಿಗೆ ಮಾಡಿದ ಸಾಮಾನು ಇದು ಎಂದು ಆಡಿಕೊಂಡಿದ್ದರಂತೆ. ಅಂಥದ್ದು ತನ್ನ ಮಶೀನಿನ ಮೇಲೆ ಕೂತರೆ ನೋಡಿದವರು ಏನಂದಾರು ಎಂದು ಬಾಯಿ ಬಿಡಲಿಲ್ಲವಂತೆ.

‘ನಾ ಅಲ್ಲಿ ಅವರ ಬಾಗಿಲಾಗ ನಿಂತಿದ್ದನ್ನ ಮಂದಿ ನೋಡ್ಲಿಲ್ಲೇನ್ರಿ’ ಎಂದಳು. ಅಷ್ಟೇ. ದನಿ ಏರಿಸಲಿಲ್ಲ. ಆದರೆ ಆ ದಿನ ಸಂಜೆ ಮನೆಗೆ ಹೋಗುವಾಗ ಆಕೆ ಮುಂದೆ ಮುಂದೆ ನಡೆದಳು, ಅವನು ಕಾಲೆಳೆಯುತ್ತ ಹಿಂದಿನಿಂದ ಹೋದ. ದಿನಾ ಅವನ ತೋಳು ಹಿಡಿದೇ ಕರೆದೊಯ್ಯುತ್ತಿದ್ದವಳು.

ಮರುದಿನ ಬೆಳಿಗ್ಗೆ ನಾನು ಬಂದಾಗ ಹಿಂದೂರಾವ ಅಂಗಡಿಯ ನೆಲದ ಮೇಲೆ ಬಲಮೊಣಕಾಲೂರಿ ಕೂತು ಸೀಮೆಸುಣ್ಣದಿಂದ ಚಿತ್ರ ಬರೆಯುತ್ತಿದ್ದ. ಅಕ್ಕಾತಾಯಿ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು. ನನ್ನನ್ನೂ ಕರೆದರು, ಏಕೆಂದರೆ ನನ್ನ ಶೇಪರ್ ಇಲ್ಲದೆ ಆಗುವ ಕೆಲಸ ಅದಲ್ಲ.

ಚಿತ್ರ ಸರಳವಾಗಿತ್ತು. ಕೆಳಗೊಂದು ಗಟ್ಟಿ ಉಕ್ಕಿನ ಕಟ್ಟೆ, ಅದರಲ್ಲೊಂದು ಕಾಲುವೆ. ಕಾಲುವೆಯ ಬಾಯಿ ಕಿರಿದು, ತಳ ಅಗಲ. ಅದರೊಳಗೆ ಜಾರುವ ತುಂಡಿಗೂ ಅದೇ ಆಕಾರ, ಮೇಲಕ್ಕೆ ಏಳಲಾಗದು, ಹಿಂದೆ ಮುಂದೆ ಮಾತ್ರ ಸರಿಯಬೇಕು. ಆ ಜಾರುವ ತುಂಡಿನ ಮೂತಿಯಲ್ಲಿ ಟೂಲು. ಬೆನ್ನಿಗೆ ಒಂದು ಗೂಟ, ಗೂಟದ ನಡುಭಾಗ, ಅಂದರೆ ಹೊಟ್ಟೆ, ಮಧ್ಯಕ್ಕಿಂತ ಒಂದು ನೂಲು ಪಕ್ಕಕ್ಕೆ, ಅಂದರೆ ಎಂಟನೇ ಒಂದು ಇಂಚು ವಾರೆ. ಗೂಟದ ತಲೆಗೆ ಲೀವರ್. ಲೀವರ್ ಅರ್ಧ ಸುತ್ತು ತಿರುಗಿಸಿದರೆ ಆ ವಾರೆ ಹೊಟ್ಟೆ ತುಂಡನ್ನು ಕಾಲು ಇಂಚು ಮುಂದೆ ತಳ್ಳುತ್ತದೆ. ವಾಪಸು ತಿರುಗಿಸಿದರೆ ಒಂದು ಸ್ಪ್ರಿಂಗು ತುಂಡನ್ನು ಹಿಂದೆಳೆಯುತ್ತದೆ. ಕಾಲು ಇಂಚು ಹಿಂದೆ ಸರಿದರೆ ಟೂಲು ಇಲಾಹಿಯ ಶಾಫ್ಟಿನ ಗೋಡೆಗೂ ತಾಗದು, ಆರಾಮಾಗಿ ದಾಟಿ ಹೋಗುತ್ತದೆ.

‘ಕೊರೀವಾಗ ಶಾಫ್ಟು ಟೂಲನ್ನ ಹಿಂದಕ್ಕ ದಬ್ಬೂದಿಲ್ಲೇನು?’ ಎಂದು ನಾನು ಕೇಳಿದೆ.

‘ದಬ್ಬಲಿ. ಹೊಟ್ಟಿ ಪೂರಾ ಮುಂದ ಬಂದಾಗ ದಬ್ಬಿದ್ರ ಗೂಟ ತಿರಗೂದಿಲ್ಲ. ಸೀದಾ ಗೂಟದ ಎದಿಗೆ ಬಡೀತೈತಿ’ ಎಂದ ಹಿಂದೂರಾವ. ಕಾಯಿಲೆ ಬಿದ್ದ ಮೇಲೆ ಅವನು ಇಷ್ಟು ಗಟ್ಟಿಯಾಗಿ ಮಾತಾಡಿದ್ದು ಅಂದೇ.

ಗುಜರಿ ಅಂಗಡಿಯಲ್ಲಿ ಉಕ್ಕಿನ ತುಂಡು ಹುಡುಕಿ ತಂದೆ. ಕಾಲುವೆ ಕೊರೆಯಲು ನನಗೆ ಎರಡು ದಿನ ಹಿಡಿಯಿತು. ಓರೆ ಗೋಡೆಗಳು ಎರಡೂ ಸಮ ಬರಬೇಕು, ಒಂದು ಕಡೆ ಸಡಿಲವಾದರೆ ಟೂಲು ನಡುಗುತ್ತದೆ. ಜಾರುವ ತುಂಡನ್ನು ಒಂದು ಚೂರು ಬಿಗಿಯಾಗಿಯೇ ಬಿಟ್ಟುಕೊಟ್ಟೆ. ಅದನ್ನು ಉಜ್ಜಿ ಕೂರಿಸುವ ಕೆಲಸ ಅಕ್ಕಾತಾಯಿಯದು. ನೀಲಿ ಬಣ್ಣ ಸವರಿ ತುಂಡನ್ನು ಒಳಗೆ ತಳ್ಳಿ ತೆಗೆಯುವಳು, ಎಲ್ಲಿ ಬಣ್ಣ ಹತ್ತಿದೆಯೋ ಅಲ್ಲಿ ಹೆರೆಯುವಳು, ಮತ್ತೆ ಸವರುವಳು. ಊಟದ ಹೊತ್ತು ಬಿಟ್ಟರೆ ದಿನವಿಡೀ ಅದೇ. ಹಿಂದೂರಾವ ಪಕ್ಕದಲ್ಲಿ ಕೂತು ಬಲಗೈ ಬೆರಳಿನಿಂದ ಮುಟ್ಟಿ ಇಲ್ಲಿ, ಇನ್ನಷ್ಟು, ಸಾಕು ಎನ್ನುತ್ತಿದ್ದ. ಮೂರನೇ ದಿನದ ಮಧ್ಯಾಹ್ನ ತುಂಡು ಎಣ್ಣೆ ಹಚ್ಚಿದ ಕಾಲುವೆಯಲ್ಲಿ ಒಂದು ಬೆರಳಿನ ಒತ್ತಿಗೆ ಹೋಯಿತು, ಬಂತು. ಅಲುಗಾಡಿಸಿ ನೋಡಿದರೆ ಕಲ್ಲಿನಂತೆ ನಿಂತಿತು.

ವಾರೆ ಗೂಟವನ್ನೂ ಆಕೆಯೇ ಮಾಡಿದಳು. ಅದನ್ನು ಗಟ್ಟಿ ಮಾಡಲು ಮನೆಯ ಶೆಗಡಿಯಲ್ಲಿ ಇದ್ದಿಲು ಹಾಕಿ ಕೆಂಪಗೆ ಕಾಯಿಸಿ ಹಳೇ ಎಂಜಿನ್ ಎಣ್ಣೆಯಲ್ಲಿ ಅದ್ದಿದರಂತೆ. ಹೊಗೆ ಎಷ್ಟೆದ್ದಿತೆಂದರೆ ಮೇಲಿನ ಮನೆಯ ಮುದುಕಿ ಕೆಳಗಿಳಿದು ಬಂದು, ‘ಏನ ಸುಟ್ಟೀಯೆ, ಗಂಡನ್ನೇನು?’ ಎಂದು ಕೇಳಿದಳಂತೆ. ‘ಇಲ್ರಿ ಆಯಿ, ಅವರು ಇಲ್ಲೇ ಕುಂತು ಗಾಳಿ ಹಾಕಾಕತ್ತಾರ’ ಎಂದೆ ಎಂದು ಅಕ್ಕಾತಾಯಿ ಮರುದಿನ ನನಗೆ ಹೇಳಿ ನಕ್ಕಳು. ಆ ಮೂರು ತಿಂಗಳಲ್ಲಿ ಆಕೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಹೋಲ್ಡರನ್ನು ಮಶೀನಿನ ಮೇಲೆ ಕೂರಿಸಿದ್ದು ಒಂದು ಸೋಮವಾರ. ಹಿಂದೂರಾವ ಕೆಟ್ಟ ಶಾಫ್ಟೊಂದರ ಹಳೇ ಥ್ರೆಡ್ಡನ್ನು ಕತ್ತರಿಸಿ ಹಾಕಿಸಿ, ತುದಿಯನ್ನು ಹೊಸದಾಗಿ ಮಾಡಿಸಿ ಅದರ ಮೇಲೆ ನೋಡೋಣ ಎಂದ. ಮಶೀನು ಶುರುವಾಯಿತು. ಟೂಲು ಮೊದಲ ಗೀರು ಹಾಕುತ್ತ ಗೋಡೆಯ ಕಡೆ ನಡೆಯಿತು. ಅಕ್ಕಾತಾಯಿ ಲೀವರನ್ನು ಆ ಕಡೆ ತಳ್ಳಿದಳು. ಟಕ್ ಎಂದು ಟೂಲು ಹಿಂದೆ ಸರಿಯಿತು. ಆಕೆ ಗಾಬರಿಯಾಗಿ ಗಾಡಿ ನಿಲ್ಲಿಸುವುದನ್ನು ಮರೆತಳು. ಆದರೂ ಏನೂ ಆಗಲಿಲ್ಲ, ಟೂಲು ದಪ್ಪ ಭಾಗದ ಮೇಲೆ ಗಾಳಿಯಲ್ಲೇ ಎರಡು ಇಂಚು ಸಾಗಿತು. ಆಮೇಲೆ ನಿಧಾನಕ್ಕೆ ಗಾಡಿಯ ಲೀವರ್ ಎತ್ತಿದಳು. ಹನ್ನೊಂದು ಓಟದಲ್ಲಿ ಥ್ರೆಡ್ ಮುಗಿಯಿತು. ನಟ್ ಹಾಕಿದರೆ ಕೊನೆಯವರೆಗೆ ಹೋಯಿತು.

ಹಿಂದೂರಾವ ನಟ್ಟನ್ನು ಬಿಚ್ಚಿ ಹಾಕಿ ಬಿಚ್ಚಿ ಹಾಕಿ ನೋಡುತ್ತಿದ್ದ. ನಾನು ಚಹಾ ಹೇಳಲು ಹೋದೆ.

ಆದರೆ ಎರಡನೇ ಶಾಫ್ಟಿನಲ್ಲಿ ನಟ್ ಅರ್ಧಕ್ಕೆ ಸಿಕ್ಕಿಕೊಂಡಿತು. ಮೂರನೆಯದರಲ್ಲಿ ಹತ್ತಲೇ ಇಲ್ಲ. ಕಣ್ಣಿಗೆ ನೋಡಿದರೆ ಥ್ರೆಡ್ ಚೆಂದವೇ ಇದೆ. ಉಗುರಿನಿಂದ ಸವರಿದರೆ ಒಂದು ಏಣು ದಪ್ಪ, ಒಂದು ತೆಳು. ಹಿಂದೂರಾವನ ಮುಖ ಗಂಟಿಕ್ಕಿತು. ಹ್ಯಾಂಡಲಿನ ಅಂಕಿ ತಪ್ಪಿಸಿದ್ದೀಯ, ಒಂದು ಸಲ ಹೆಚ್ಚು ಕೊಟ್ಟಿದ್ದೀಯ ಎಂದ. ಇಲ್ಲ ಎಂದಳು. ಹಾಗಾದರೆ ಲೀವರ್ ಪೂರಾ ಎಳೆದಿಲ್ಲ ಎಂದ. ಪೂರಾ ಎಳೆದಿದ್ದೇನೆ ಎಂದಳು. ಬಂಡೋಪಂತ ಅಷ್ಟೊತ್ತಿಗೆ ಸುದ್ದಿ ಹಿಡಿದು ಬಂದು ಬಾಗಿಲಲ್ಲಿ ನಿಂತಿದ್ದ. ಅವನ ಎದುರಿಗೆ ಈ ಮಾತು ನಡೆಯುತ್ತಿರುವುದು ಹಿಂದೂರಾವನಿಗೆ ಇನ್ನೂ ಕಷ್ಟವಾಗಿರಬೇಕು.

‘ಕೈ ಬೇಕ್ರಿ ಅದಕ್ಕ, ಕೈ. ಲೀವರ್ ಹಚ್ಚಿದ್ರ ಬರ್ತದೇನು’ ಎಂದ ಬಂಡೋಪಂತ, ಸುಮ್ಮನಿರಲಾರದೆ.

ಹಿಂದೂರಾವ ತನ್ನ ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಬಂಡೋಪಂತನಿಗೆ ತಾನು ಆಡಿದ್ದು ಏನೆಂದು ಆಗ ಹೊಳೆಯಿತು. ಕೆಮ್ಮಿದ, ಏನೋ ಕೆಲಸವಿದೆ ಎಂದು ಹೊರಟುಹೋದ.

ಅಕ್ಕಾತಾಯಿ ಮಶೀನಿನ ಸ್ವಿಚ್ಚು ತೆಗೆದು ಹೋಲ್ಡರನ್ನು ಇಳಿಸಿದಳು. ಬೋಲ್ಟು ಬಿಚ್ಚಿ ತುಂಡನ್ನು ಹೊರಗೆಳೆದು, ಬೆಳಕಿಗೆ ಹಿಡಿದು, ಗೂಟದ ಹೊಟ್ಟೆಯನ್ನು ತೋರುಬೆರಳಿನಿಂದ ಸವರಿದಳು. ಬೆರಳ ತುದಿಯಲ್ಲಿ ಒಂದು ಸಿಬಿರು ಹತ್ತಿತು, ಹುಬ್ಬಿನ ಕೂದಲಿನಷ್ಟು ತೆಳ್ಳಗೆ. ಅದನ್ನು ಗಂಡನ ಬಲ ಅಂಗೈ ಮೇಲೆ ಇಟ್ಟಳು.

‘ಇದು ನೋಡ್ರಿ. ಡಬ್ಬಿ ಬಾಯಾಗ ಒಂದು ಜ್ವಾಳದ ಕಾಳ ಕುಂತ್ರ ಮುಚ್ಚಳ ಕೂಡೂದಿಲ್ಲ. ಇದೂ ಹಂಗ.’

ಹೌದು, ಅದೇ ಆಗಿತ್ತು. ಗೂಟ ತಿರುಗುವ ಗುಂಡಿಯ ಬಾಯಿ ಮೇಲೆ ತೆರೆದಿತ್ತು. ಶಾಫ್ಟಿನಿಂದ ಹಾರಿದ ಸಿಬಿರು ಎಣ್ಣೆಯ ಜತೆ ಅದರೊಳಗೆ ಬಿದ್ದು, ಗೂಟ ತಿರುಗುವಾಗ ಹೊಟ್ಟೆಗೂ ತುಂಡಿಗೂ ನಡುವೆ ಸಿಕ್ಕಿ ಟೂಲನ್ನು ಒಮ್ಮೊಮ್ಮೆ ಕೂದಲೆಳೆ ಮುಂದೆ ತಳ್ಳುತ್ತಿತ್ತು. ಹಿಂದೂರಾವ ಗುಂಡಿಗೆ ತಗಡಿನ ಮುಚ್ಚಳ ಮಾಡೋಣ ಎಂದ. ಅಕ್ಕಾತಾಯಿ ಅಷ್ಟರಿಂದ ಆಗುವುದಿಲ್ಲ ಎಂದಳು. ಹೊಟ್ಟೆ ತಾಗುವ ಜಾಗ ಎರಡು ಬೆರಳಗಲ ಯಾಕೆ ಬೇಕು, ಅಷ್ಟು ಅಗಲ ಇದ್ದರೆ ಕಸಕ್ಕೆ ಕೂರಲು ಜಾಗ ಕೊಟ್ಟಂತೆ, ಸುತ್ತಲೂ ಹೆರೆದು ನಡುವೆ ಒಂದು ಕಡಲೆಕಾಳಿನಷ್ಟು ಮಾತ್ರ ಉಬ್ಬು ಬಿಟ್ಟರೆ ಕಸ ಪಕ್ಕಕ್ಕೆ ಜಾರಿ ಬೀಳುತ್ತದೆ ಎಂದಳು. ಸಣ್ಣ ಉಬ್ಬು ಬೇಗ ಸವೆಯುತ್ತದೆ ಎಂದು ಅವನ ವಾದ. ಸವೆದರೆ ಮತ್ತೆ ಮಾಡುತ್ತೇನೆ, ನಾನೆಲ್ಲಿ ಹೋಗುತ್ತೇನೆ ಎಂದು ಇವಳು. ಕೊನೆಗೆ ಎರಡನ್ನೂ ಮಾಡಿದರು. ಉಬ್ಬನ್ನು ಬೇರೆ ಗಟ್ಟಿ ಉಕ್ಕಿನಿಂದ ಮಾಡಿ ಕೂರಿಸಿದರು. ಮುಚ್ಚಳಕ್ಕೆ ತಗಡಿನ ಬದಲು ಹಳೇ ಚಪ್ಪಲಿಯ ಚರ್ಮ ಕತ್ತರಿಸಿ, ಲೀವರಿನ ಸುತ್ತ ಬಿಗಿಯಾಗಿ ಕಟ್ಟಿದಳು. ತಗಡಾದರೆ ಸಂದು ಬಿಡುತ್ತದೆ, ಚರ್ಮ ಅಪ್ಪಿಕೊಂಡು ಕೂರುತ್ತದೆ.

ಮುಂದಿನ ಶಾಫ್ಟು ಸರಿಯಾಗಿ ಬಂತು. ಅದರ ಮುಂದಿನದೂ ಬಂತು. ಇಲಾಹಿಯ ಬಾಕಿ ಶಾಫ್ಟುಗಳನ್ನು ಐದು ದಿನದಲ್ಲಿ ಮುಗಿಸಿ ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿದಳು. ಇಲಾಹಿ ಬಂದವನು ನಟ್ಟೊಂದನ್ನು ಕೈಯಲ್ಲಿ ಹಿಡಿದು ಒಂದೊಂದಕ್ಕೇ ಹಾಕಿ, ಒಂದು ಬೆರಳಿನಿಂದ ಗಿರ‍್ರನೆ ತಿರುಗಿಸುತ್ತ ಹೋದ. ಹತ್ತು ಹದಿನೈದು ನೋಡಿದ ಮೇಲೆ ಉಳಿದದ್ದನ್ನು ನೋಡಲಿಲ್ಲ. ಹಿಂದೂರಾವನ ಕಡೆ ತಿರುಗಿ, ‘ಮಿಸ್ತ್ರಿ, ನಿಮ್ಮ ಕೈ ಸುಧಾರಿಸೇತಿ ಅಂತ ಯಾರೂ ಹೇಳೇ ಇಲ್ಲಲ್ಲ’ ಎಂದ.

‘ನನ್ನ ಕೈ ಅಲ್ಲ ಇಲಾಹಿಭಾಯಿ’ ಎಂದ ಹಿಂದೂರಾವ. ಅಕ್ಕಾತಾಯಿಯ ಕಡೆ ಗದ್ದ ಎತ್ತಿ ತೋರಿಸಿದ. ಇಲಾಹಿ ಮುಂದಿನ ಮಾಲಿನ ಮಾತೇ ತೆಗೆಯಲಿಲ್ಲ. ಮರುದಿನ ಕಬ್ಬಿಣದ ಸಲಾಕೆಗಳು ನೇರ ಇವರ ಬಾಗಿಲಿಗೇ ಬಂದು ಇಳಿದವು.

ಇದಾಗಿ ಒಂದು ವಾರಕ್ಕೆ ನಡೆದದ್ದು ಹೇಳಬೇಕು. ಅಕ್ಕಾತಾಯಿ ಊಟ ಮುಗಿಸಿ ನಳದ ಹತ್ತಿರ ಡಬ್ಬಿ ತೊಳೆಯಲು ಹೋಗಿದ್ದಳು. ತಗಡಿನ ಆಚೆ ಲೇಥ್ ಶುರುವಾಯಿತು. ಆಕೆ ಇಷ್ಟು ಬೇಗ ಬಂದಳೇ ಎಂದುಕೊಂಡೆ. ಆಮೇಲೆ ನಳದ ಕಡೆಯಿಂದ ಆಕೆಯ ಮಾತೇ ಕೇಳಿಸಿತು. ನಾನು ಎದ್ದು ಹೋಗಿ ನೋಡಿದೆ. ಹಿಂದೂರಾವ ನಿಂತಿದ್ದ. ಸೊಂಟವನ್ನು ಮಶೀನಿನ ಅಂಚಿಗೆ ಆನಿಸಿ, ಮೈಭಾರವನ್ನೆಲ್ಲ ಬಲಗಾಲಿನ ಮೇಲೆ ಹಾಕಿ, ಎಡಗೈಯನ್ನು ಮಶೀನಿಗೆ ಸಿಗದ ಹಾಗೆ ಅಂಗಿಯೊಳಗೆ ಸಿಕ್ಕಿಸಿಕೊಂಡು ನಿಂತಿದ್ದ. ಚಕ್ಕಿನಲ್ಲಿ ಶಾಫ್ಟು ತಿರುಗುತ್ತಿತ್ತು. ಟೂಲು ಗೋಡೆಯ ಹತ್ತಿರ ಬಂದಾಗ ಬಲಗೈಯಿಂದ ಹೋಲ್ಡರಿನ ಲೀವರ್ ತಳ್ಳಿದ. ಟೂಲು ಸರಿಯಿತು. ಇನ್ನು ಅವಸರ ಇಲ್ಲ. ಅದೇ ಬಲಗೈ ಕೆಳಗಿಳಿದು ಗಾಡಿಯ ಲೀವರ್ ಎತ್ತಿತು. ಅದೇ ಕೈ ಗಾಡಿಯನ್ನು ಹಿಂದಕ್ಕೆ ತಿರುಗಿಸಿಕೊಂಡು ಬಂತು. ಟೂಲನ್ನು ಎಳೆದು ಕೂರಿಸಿತು, ಹ್ಯಾಂಡಲನ್ನು ಒಂದು ಗೆರೆ ಮುಂದೆ ಕೊಟ್ಟಿತು, ಮತ್ತೆ ಗಾಡಿಯ ಲೀವರ್ ಒತ್ತಿತು. ಎರಡು ಕೈಯವನು ಒಂದು ಉಸಿರಿಗೆ ಮಾಡುವುದನ್ನು ಅವನು ನಾಲ್ಕು ಉಸಿರಿಗೆ ಮಾಡುತ್ತಿದ್ದ. ಆದರೆ ಮಾಡುತ್ತಿದ್ದ. ನಾವು ಮೂವರೂ ಆ ಹೋಲ್ಡರನ್ನು ಅಕ್ಕಾತಾಯಿಗೆಂದೇ ಮಾಡಿದ್ದೆವು. ಒಂದೇ ಕೈಯಿದ್ದವನೂ ಅದರಿಂದ ಥ್ರೆಡ್ ಹೊಡೆಯಬಹುದೆಂದು ನನಗಂತೂ ಹೊಳೆದಿರಲಿಲ್ಲ. ಅವನಿಗೆ ಯಾವಾಗ ಹೊಳೆಯಿತೋ ಗೊತ್ತಿಲ್ಲ. ಕೇಳಲೂ ಇಲ್ಲ.

ಅಕ್ಕಾತಾಯಿ ತೊಳೆದ ಡಬ್ಬಿ ಹಿಡಿದು ಬಂದು ನನ್ನ ಪಕ್ಕದಲ್ಲಿ ನಿಂತಳು. ನೀರು ತೊಟ್ಟಿಕ್ಕುತ್ತಿತ್ತು. ಅವನು ನಮ್ಮನ್ನು ನೋಡಿದ, ನೋಡದವನಂತೆ ಇನ್ನೆರಡು ಓಟ ಓಡಿಸಿದ. ಆಮೇಲೆ ಕೈಯನ್ನು ಅರಿವೆಗೆ ಒರೆಸಿಕೊಂಡು ಪಕ್ಕಕ್ಕೆ ಸರಿದ.

‘ಏ, ಕೇಳ್ತೇನ? ಕೊನೀ ಕಟ್ ನೀನ ಕೊಡು. ನನಗ ಕಣ್ಣ ಮಸಕ ಆಗ್ಯಾವ.’

ಆಕೆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಹೋಗಿ ನಿಂತಳು. ಅವನ ಕಣ್ಣು ಯಾಕೆ ಮಸುಕಾಯಿತೆಂದು ಆಕೆಗೂ ಗೊತ್ತು. ಕೊನೆಯ ಓಟ ಓಡಿಸಿ, ನಟ್ ಹಾಕಿ ನೋಡಿ, ‘ಛಲೋ ಬಂದೈತಿ’ ಎಂದಳು.

ಅಲ್ಲಿಂದ ಮುಂದೆ ಅವನು ದಿನಕ್ಕೆ ಮೂರೋ ನಾಲ್ಕೋ ಥ್ರೆಡ್ ಹೊಡೆಯುತ್ತಿದ್ದ, ದಣಿವಾಗುವವರೆಗೆ. ಉಳಿದದ್ದು ಆಕೆ. ಓಣಿಯವರು ನೋಡಲು ಬಂದರು, ತಮಗೂ ಒಂದು ಮಾಡಿಕೊಡಿ ಎಂದರು. ಬಂಡೋಪಂತ ಎಲ್ಲರಿಗಿಂತ ಕೊನೆಗೆ ಬಂದ. ಆವತ್ತಿನ ಮಾತಿಗೆ ಬೇರೆ ಯಾವ ರೀತಿಯಲ್ಲೂ ಕ್ಷಮೆ ಕೇಳದೆ, ತನ್ನ ಹೆಂಡತಿ ಮಾಡಿದ ಭಡಂಗದ, ಅಂದರೆ ಖಾರದ ಚುರುಮುರಿಯ, ಪೊಟ್ಟಣ ತಂದು ಸ್ಟೂಲಿನ ಮೇಲೆ ಇಟ್ಟು, ತನಗೂ ಭುಜ ನೋಯುತ್ತದೆ, ವಯಸ್ಸಾಯಿತು ಎಂದ. ಹಿಂದೂರಾವ ಭಡಂಗ ಬಾಯಿಗೆ ಹಾಕಿಕೊಂಡು, ಅವನ ಮಶೀನಿನ ಅಳತೆ ಕೇಳಿದ. ಒಟ್ಟು ಇಪ್ಪತ್ತೇಳು ಹೋಲ್ಡರ್ ಮಾಡಿದೆವು. ಎಲ್ಲದರ ಕಾಲುವೆಯನ್ನೂ ನಾನೇ ಕೊರೆದೆ, ಎಲ್ಲವನ್ನೂ ಅಕ್ಕಾತಾಯಿಯೇ ಉಜ್ಜಿ ಕೂರಿಸಿದಳು. ಹಿಂದೂರಾವ ಬೆರಳಾಡಿಸಿ ಸಾಕು ಅನ್ನದೆ ಒಂದೂ ಹೊರಗೆ ಹೋಗಲಿಲ್ಲ.

ಅವನು ಇನ್ನೂ ಒಂಬತ್ತು ವರ್ಷ ಬದುಕಿದ. ಎರಡನೇ ಸಲ ಅದೇ ಕಾಯಿಲೆ ಬಂದು, ಒಂದು ಬೆಳಗ್ಗೆ ಹಾಸಿಗೆಯಿಂದ ಏಳಲಿಲ್ಲ. ಹದಿಮೂರನೇ ದಿನ ಕಳೆದ ಮೇಲೆ ಅಕ್ಕಾತಾಯಿ ಬಾಗಿಲು ತೆರೆದು ಮಶೀನಿಗೆ ಎಣ್ಣೆ ಹಾಕಿದಳು. ಆ ದಿನ ನಾನು ನನ್ನ ಶೇಪರ್ ಶುರು ಮಾಡಲಿಲ್ಲ. ಏಕೋ ಆಚೆಯ ಸದ್ದು ಕೇಳುತ್ತ ಕೂರಬೇಕೆನ್ನಿಸಿತು. ಹನ್ನೊಂದು ಗಂಟೆಗೆ ಆಕೆ ತಗಡು ಬಡಿದು, ‘ರಾಚಪ್ಪಣ್ಣಾ, ಇವತ್ತ ಸೂಟಿ ಏನು ನಿಮಗ?’ ಎಂದು ಕೇಳಿದಳು. ಎದ್ದು ಕೆಲಸಕ್ಕೆ ನಿಂತೆ.

ನಾನೀಗ ಅಂಗಡಿ ಮುಚ್ಚಿ ನಿಪ್ಪಾಣಿಗೆ ಮರಳಿದ್ದೇನೆ. ಮೊನ್ನೆ ಮೊನ್ನೆ ಕೊಲ್ಹಾಪುರಕ್ಕೆ ಹೋದಾಗ ನೋಡಿ ಬಂದೆ. ಅಂಗಡಿಯಲ್ಲಿ ಈಗ ಎರಡು ಲೇಥ್. ಎರಡನೆಯದರ ಮೇಲೆ ಶೇವಂತಾ ಎಂಬ ನಲವತ್ತರ ಹೆಂಗಸು ನಿಂತಿದ್ದಳು, ಗಂಡ ಬಿಟ್ಟು ಹೋದವಳಂತೆ, ಕಸ ಗುಡಿಸುವ ಕೆಲಸ ಕೇಳಿಕೊಂಡು ಬಂದವಳಂತೆ. ಅಕ್ಕಾತಾಯಿ ಆಕೆಗೆ ಥ್ರೆಡ್ ಕಲಿಸುತ್ತಿದ್ದಳು, ಹೋಲ್ಡರ್ ಇಲ್ಲದೆ, ಎರಡೂ ಕೈಯಿಂದ, ಹಳೇ ರೀತಿಯಲ್ಲಿ. ನಾನು ಅಚ್ಚರಿಪಟ್ಟು, ಅದನ್ನೇಕೆ ಹಚ್ಚಿಕೊಡಲಿಲ್ಲ ಎಂದು ಕೇಳಿದೆ. ಅಷ್ಟು ವರ್ಷದಲ್ಲಿ ತಾನೂ ಕೈಯಿಂದಲೇ ಹೊಡೆಯುವುದನ್ನು ಕಲಿತುಬಿಟ್ಟೆ, ಯಾವಾಗ ಕಲಿತೆ ಎಂದು ತನಗೇ ತಿಳಿಯಲಿಲ್ಲ ಎಂದಳು. ಶೇವಂತಾಗೆ ಹೋಲ್ಡರ್ ಎಲ್ಲಿದೆ ಎಂದು ಗೊತ್ತಿದೆಯಂತೆ, ಬೇಕೆನ್ನಿಸಿದ ದಿನ ತೆಗೆದು ಹಚ್ಚಿಕೊಳ್ಳಲಿ ಎಂದು ಬಿಟ್ಟಿದ್ದಾಳಂತೆ.

‘ಆಕಿ ಇನ್ನೂ ಕೇಳಿಲ್ಲ. ನಾಕು ಶಾಫ್ಟ್ ಕೆಡಿಸ್ಯಾಳ’ ಎಂದು ಹೇಳಿ, ನನಗೆ ಕೂರಲು ಜಾಗ ಮಾಡಿಕೊಟ್ಟಳು.